ಪಿಯುಸಿಯಲ್ಲಿ 95, ರ್‍ಯಾಂಕ್ ಮಾತ್ರ ಹಿಂದೆ: ಸಿಇಟಿಯ ಅರ್ಧ-ಅರ್ಧ ಲೆಕ್ಕದೊಳಗೆ ಏನಿದೆ?

ಸಿಇಟಿ ಫಲಿತಾಂಶ ಬಂದ ವಾರ ಹಾಸನ, ಚಿಕ್ಕಮಗಳೂರಿನ ಮನೆಗಳಲ್ಲಿ ಪ್ರತಿ ವರ್ಷ ಒಂದೇ ಗೊಂದಲ. ಪಿಯುಸಿಯಲ್ಲಿ ಶೇ 95 ತೆಗೆದ ಹುಡುಗಿ ರ್‍ಯಾಂಕ್‌ನಲ್ಲಿ ಹಿಂದೆ ಬಿದ್ದಿರುತ್ತಾಳೆ, ಶೇ 82 ತೆಗೆದ ಹುಡುಗ ಮುಂದೆ ಹೋಗಿರುತ್ತಾನೆ. ನಿಯಮ ಇಬ್ಬರಿಗೂ ಒಂದೇ: ಪಿಯುಸಿಗೆ ಅರ್ಧ, ಸಿಇಟಿಗೆ ಅರ್ಧ. ಹಾಗಿದ್ದೂ ಹೀಗೇಕೆ ಎಂದು ತಂದೆ-ತಾಯಿ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ‘ಕಂಪ್ಯೂಟರ್ ಲೆಕ್ಕ’ ಎಂಬುದು. ಆ ಲೆಕ್ಕ ಕಷ್ಟದ್ದೇನಲ್ಲ. ಬಿಡಿಸಿ ನೋಡಿದರೆ ಯಾರಿಗೆ ಅನುಕೂಲ, ಯಾರಿಗೆ ನಷ್ಟ ಎಂಬುದು ಕಾಗದದ ಮೇಲೆ ಕಾಣುತ್ತದೆ.

ಪ್ರವೇಶ ಪರೀಕ್ಷೆಗಳು ನ್ಯಾಯವಾಗಿವೆಯೇ ಎಂಬ ಚರ್ಚೆ ಈಗ ದೇಶದಾದ್ಯಂತ ನಡೆಯುತ್ತಿದೆ. ಕೋಚಿಂಗ್ ಹಾವಳಿ, ಹೆಸರಿಗಷ್ಟೇ ದಾಖಲಾತಿ ಇರುವ ‘ಡಮ್ಮಿ’ ಶಾಲೆಗಳು, ಪ್ರವೇಶ ಪರೀಕ್ಷೆಗಳ ಪರಿಣಾಮ, ಇವನ್ನೆಲ್ಲ ಪರಿಶೀಲಿಸಲು ಕೇಂದ್ರ ಶಿಕ್ಷಣ ಸಚಿವಾಲಯ 2025ರ ಜೂನ್‌ನಲ್ಲಿ ಉನ್ನತ ಶಿಕ್ಷಣ ಕಾರ್ಯದರ್ಶಿ ವಿನೀತ್ ಜೋಶಿ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿತು. ಬೋರ್ಡ್ ಅಂಕಕ್ಕೆ ಹೆಚ್ಚು ಬೆಲೆ ಕೊಡಬೇಕೇ, ಪ್ರವೇಶ ಪರೀಕ್ಷೆಗೇ ಎಲ್ಲ ಬಿಡಬೇಕೇ ಎಂಬ ವಾದದಲ್ಲಿ ಕರ್ನಾಟಕದ ಸಿಇಟಿ ಮಧ್ಯದ ದಾರಿ ಹಿಡಿದಿದೆ. ಅದು ನಿಜಕ್ಕೂ ಮಧ್ಯದ್ದೇ?

ಲೆಕ್ಕ ಹೀಗಿದೆ

ಎಂಜಿನಿಯರಿಂಗ್ ರ್‍ಯಾಂಕ್‌ಗೆ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತದ ಪಿಯುಸಿ ಅಂಕಗಳನ್ನು (ಒಟ್ಟು 300) 50ಕ್ಕೆ ಇಳಿಸುತ್ತಾರೆ. ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 60 ಅಂಕ. ಮೂರರ ಒಟ್ಟು 180ನ್ನೂ 50ಕ್ಕೆ ಇಳಿಸುತ್ತಾರೆ. ಎರಡನ್ನೂ ಕೂಡಿಸಿದರೆ 100ಕ್ಕೆ ಒಂದು ಅಂಕ ಬರುತ್ತದೆ, ಅದರ ಮೇಲೆ ರ್‍ಯಾಂಕ್.

ಮೇಲೆ ಹೇಳಿದ ಇಬ್ಬರನ್ನೇ ತೆಗೆದುಕೊಳ್ಳೋಣ. ಹುಡುಗಿಗೆ ಪಿಯುಸಿಯಲ್ಲಿ 300ಕ್ಕೆ 285, ಅಂದರೆ 47.5. ಸಿಇಟಿಯಲ್ಲಿ 180ಕ್ಕೆ 72, ಅಂದರೆ 20. ಒಟ್ಟು 67.5. ಹುಡುಗನಿಗೆ ಪಿಯುಸಿಯಲ್ಲಿ 246, ಅಂದರೆ 41. ಸಿಇಟಿಯಲ್ಲಿ 105, ಅಂದರೆ 29.17. ಒಟ್ಟು 70.17. ಪಿಯುಸಿಯಲ್ಲಿ 39 ಅಂಕ ಕಡಿಮೆ ಇದ್ದವನು 33 ಸಿಇಟಿ ಪ್ರಶ್ನೆಗಳ ಬಲದಿಂದ 2.67 ಅಂಕ ಮುಂದೆ ಹೋದ. ಎರಡೂವರೆ ಲಕ್ಷಕ್ಕೂ ಹೆಚ್ಚು ಮಂದಿಗೆ ಎಂಜಿನಿಯರಿಂಗ್ ರ್‍ಯಾಂಕ್ ಕೊಡುವ ಪಟ್ಟಿಯಲ್ಲಿ, ಅದೂ ಜನ ಕಿಕ್ಕಿರಿದಿರುವ ನಡುಭಾಗದಲ್ಲಿ, ಈ 2.67ರೊಳಗೆ ಸಾವಿರಾರು ರ್‍ಯಾಂಕ್‌ಗಳಿರುತ್ತವೆ.

ಇನ್ನೂ ಸರಳವಾಗಿ ಹೇಳುವುದಾದರೆ, ಸಿಇಟಿಯ ಒಂದು ಪ್ರಶ್ನೆಯ ತೂಕ ಪಿಯುಸಿಯ 1.67 ಅಂಕಕ್ಕೆ ಸಮ. ಪಿಯುಸಿಯಲ್ಲಿ 285 ತೆಗೆದವಳಿಗೆ ಅಲ್ಲಿ ಇನ್ನು ಸಿಗಬಹುದಾದದ್ದು ಹೆಚ್ಚೆಂದರೆ 15 ಅಂಕ, ಅಂದರೆ ರ್‍ಯಾಂಕ್ ಲೆಕ್ಕದಲ್ಲಿ 2.5. ಅಷ್ಟನ್ನೂ ತೆಗೆದು ಪೂರ್ತಿ 300 ಮಾಡಿಕೊಂಡರೂ ಈ ಹುಡುಗನನ್ನು ಅವಳು ದಾಟಲಾರಳು.

ಅರ್ಧ ಎಂಬುದು ಅರ್ಧವಾಗಿ ಉಳಿಯುವುದಿಲ್ಲ

ಎರಡು ಪರೀಕ್ಷೆಗೆ ಸಮ ಪಾಲು ಕೊಟ್ಟ ಮಾತ್ರಕ್ಕೆ ಎರಡೂ ಸಮನಾಗಿ ರ್‍ಯಾಂಕ್ ನಿರ್ಧರಿಸುವುದಿಲ್ಲ. ಅಂಕ ಎಲ್ಲಿ ಹೆಚ್ಚು ಹರಡಿಕೊಂಡಿರುತ್ತದೋ ಆ ಪರೀಕ್ಷೆಯೇ ರ್‍ಯಾಂಕ್ ಬರೆಯುತ್ತದೆ. ಒಳ್ಳೆಯ ಸೀಟಿಗೆ ಪೈಪೋಟಿ ಮಾಡುವವರ ಪಿಯುಸಿ ಅಂಕ 240ರಿಂದ 295ರ ಒಳಗೆ ಗುಂಪುಗೂಡಿದೆ ಎಂದುಕೊಳ್ಳಿ. 50ಕ್ಕೆ ಇಳಿಸಿದಾಗ ಅದು 40ರಿಂದ 49.2. ಎಲ್ಲರ ನಡುವಿನ ಅಂತರ ಸುಮಾರು 9 ಅಂಕ ಮಾತ್ರ. ಅವರದೇ ಸಿಇಟಿ ಅಂಕ 50ರಿಂದ 150ರವರೆಗೆ ಹರಡಿದ್ದರೆ, 50ಕ್ಕೆ ಇಳಿಸಿದಾಗ 13.9ರಿಂದ 41.7. ಅಂತರ ಸುಮಾರು 28. ಕಾಗದದ ಮೇಲೆ 50:50, ನಡೆಯುವುದು ಹೆಚ್ಚುಕಡಿಮೆ 25:75.

ಪಿಯುಸಿ ಅಂಕ ಹೀಗೆ ಮೇಲ್ಭಾಗದಲ್ಲಿ ಗುಂಪುಗೂಡಲು ಒಂದು ಗಟ್ಟಿ ಕಾರಣ ಅಂಕಪಟ್ಟಿಯ ರಚನೆಯಲ್ಲೇ ಇದೆ. ಭೌತ ಮತ್ತು ರಸಾಯನವಿಜ್ಞಾನದಲ್ಲಿ ಲಿಖಿತ ಪರೀಕ್ಷೆಗೆ 70, ಪ್ರಾಯೋಗಿಕಕ್ಕೆ 30. ಗಣಿತದಲ್ಲಿ ಲಿಖಿತ 80, ಆಂತರಿಕ ಮೌಲ್ಯಮಾಪನ 20. ಅಂದರೆ 300ರಲ್ಲಿ 80 ಅಂಕ ಕಾಲೇಜಿನ ಮಟ್ಟದಲ್ಲೇ ಸಿಗುತ್ತದೆ, ಮತ್ತು ಬಹುತೇಕ ಕಡೆ ಪೂರ್ತಿ ಅಥವಾ ಅದರ ಹತ್ತಿರ ಸಿಗುತ್ತದೆ. ಎಲ್ಲರಿಗೂ ಸಿಗುವ ಅಂಕ ಯಾರನ್ನೂ ಯಾರಿಂದಲೂ ಬೇರ್ಪಡಿಸುವುದಿಲ್ಲ. ಲಿಖಿತ ಪರೀಕ್ಷೆಯಲ್ಲಿ ಕಷ್ಟಪಟ್ಟು ತೆಗೆದ ವ್ಯತ್ಯಾಸವನ್ನು ಅದು ತೆಳುವಾಗಿಸುತ್ತದೆ, ಅಷ್ಟೆ.

ನಾಲ್ಕು ವರ್ಷಗಳ ಪೆಟ್ಟುಗಳು

ಕೋವಿಡ್‌ನ 2021ರಲ್ಲಿ ಪಿಯುಸಿ ಪರೀಕ್ಷೆಯೇ ನಡೆಯಲಿಲ್ಲ. ಎಸ್ಸೆಸ್ಸೆಲ್ಸಿಯ ಶೇ 45, ಪ್ರಥಮ ಪಿಯುಸಿಯ ಶೇ 45, ಆಂತರಿಕ ಮೌಲ್ಯಮಾಪನದ ಶೇ 10 ಕೂಡಿಸಿ ಎಲ್ಲರನ್ನೂ ಪಾಸು ಮಾಡಲಾಯಿತು. 2,239 ವಿದ್ಯಾರ್ಥಿಗಳಿಗೆ 600ಕ್ಕೆ 600 ಬಂತು. ಆ ವರ್ಷ ಸಿಇಟಿ ಅಂಕ ಒಂದನ್ನೇ ನೋಡಿ ರ್‍ಯಾಂಕ್ ಕೊಟ್ಟರು.

ತೊಡಕು ಎದ್ದದ್ದು ಮುಂದಿನ ವರ್ಷ. 2021ರಲ್ಲಿ ಪಿಯುಸಿ ಮುಗಿಸಿ 2022ರಲ್ಲಿ ಮತ್ತೆ ಸಿಇಟಿ ಬರೆದ ಸುಮಾರು 24 ಸಾವಿರ ರಿಪೀಟರ್‌ಗಳ ಪಿಯುಸಿ ಅಂಕವನ್ನು ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಪರಿಗಣಿಸಲಿಲ್ಲ. ಹೊಸಬರಿಗೆ ಮಾತ್ರ 50:50. ರಿಪೀಟರ್‌ಗಳು ಹೈಕೋರ್ಟ್‌ಗೆ ಹೋದರು, ಏಕಸದಸ್ಯ ಪೀಠ ಅವರ ಪರ ತೀರ್ಪು ಕೊಟ್ಟಿತು. ಆ ಉಬ್ಬಿದ ಅಂಕಗಳನ್ನು ಹಾಗೆಯೇ ಸೇರಿಸಿದರೆ ಹೊಸಬರಿಗೆ ಅನ್ಯಾಯ, ಬಿಟ್ಟರೆ ರಿಪೀಟರ್‌ಗಳಿಗೆ ಅನ್ಯಾಯ. ಕೊನೆಗೆ ವಿಭಾಗೀಯ ಪೀಠದ ಮುಂದೆ ಒಂದು ಸೂತ್ರ ಒಪ್ಪಿಗೆಯಾಯಿತು: ರಿಪೀಟರ್‌ಗಳ ಪಿಯುಸಿ ಅಂಕದಲ್ಲಿ ಪ್ರತಿ ವಿಷಯಕ್ಕೆ ಸರಾಸರಿ 6 ಕಡಿತ. ಮೂರು ವಿಷಯಕ್ಕೆ 18, ರ್‍ಯಾಂಕ್ ಲೆಕ್ಕದಲ್ಲಿ 3 ಅಂಕ. ಪರಿಷ್ಕೃತ ಪಟ್ಟಿ 2022ರ ಅಕ್ಟೋಬರ್‌ನಲ್ಲಿ ಬಂತು. ಕಾಲೇಜು ಶುರುವಾಗಬೇಕಿದ್ದ ಸಮಯದಲ್ಲಿ ಮಕ್ಕಳು ಇನ್ನೂ ರ್‍ಯಾಂಕ್ ಕಾಯುತ್ತಿದ್ದರು.

2024ರ ಪೆಟ್ಟು ಬೇರೆ ಬಗೆಯದು. ಎನ್‌ಸಿಇಆರ್‌ಟಿ ಕೈಬಿಟ್ಟ ಅಧ್ಯಾಯಗಳನ್ನು ಪಿಯು ಪಠ್ಯದಿಂದಲೂ ತೆಗೆದಿದ್ದರು. ಸಿಇಟಿ ಪ್ರಶ್ನೆಪತ್ರಿಕೆ ಮಾತ್ರ ಅವುಗಳಿಂದಲೂ ಪ್ರಶ್ನೆ ಕೇಳಿತ್ತು. ಪ್ರತಿಭಟನೆಯ ನಂತರ ನಾಲ್ಕು ವಿಷಯಗಳ 240 ಪ್ರಶ್ನೆಗಳಲ್ಲಿ 50ನ್ನು ಮೌಲ್ಯಮಾಪನದಿಂದ ಬಿಟ್ಟರು: ಭೌತವಿಜ್ಞಾನ 9, ರಸಾಯನವಿಜ್ಞಾನ 15, ಗಣಿತ 15, ಜೀವವಿಜ್ಞಾನ 11. ಎಲ್ಲರಿಗೂ ಬಿಟ್ಟ ಮೇಲೆ ಸಮನಾಯಿತಲ್ಲ ಎಂದು ಅನ್ನಿಸಬಹುದು. ಆದರೆ ಪ್ರತಿ ವಿಷಯದಲ್ಲಿ ಉತ್ತರಿಸಲು ಸಿಗುವುದು 70 ನಿಮಿಷ, ಪ್ರಶ್ನೆಗೆ 70 ಸೆಕೆಂಡ್. ಗಣಿತದಲ್ಲಿ ಪಠ್ಯದಲ್ಲಿಲ್ಲದ 15 ಪ್ರಶ್ನೆಗಳ ಜೊತೆ ಪ್ರಾಮಾಣಿಕವಾಗಿ ಗುದ್ದಾಡಿದವರು 17 ನಿಮಿಷಕ್ಕೂ ಹೆಚ್ಚು ಕಳೆದುಕೊಂಡರು. ನೋಡಿದೊಡನೆ ಗೊತ್ತಿಲ್ಲವೆಂದು ದಾಟಿದವರಿಗೆ ಆ ಸಮಯ ಉಳಿಯಿತು. ಅದಕ್ಕೂ ಮಿಗಿಲಾಗಿ, 180ರ ಬದಲು 141 ಪ್ರಶ್ನೆಗಳು ಉಳಿದವು. ಪ್ರತಿ ಪ್ರಶ್ನೆಯ ತೂಕ 0.28ರಿಂದ 0.35ಕ್ಕೆ ಏರಿತು, ಸುಮಾರು ಶೇ 28ರಷ್ಟು ಹೆಚ್ಚಳ. ಉಳಿದದ್ದರಲ್ಲಿ ಮಾಡಿದ ಒಂದು ತಪ್ಪು ಹಿಂದಿನ ವರ್ಷದ ತಪ್ಪಿಗಿಂತ ದುಬಾರಿಯಾಯಿತು.

ನೀಟ್‌ನಲ್ಲಿ ಪಿಯುಸಿಗೆ ಬೆಲೆ ಎಷ್ಟು?

ಹಾಸನದ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಾಗಲಿ, ಚಿಕ್ಕಮಗಳೂರಿನ ಹೊಸ ವೈದ್ಯಕೀಯ ಕಾಲೇಜಿನಲ್ಲಾಗಲಿ ಎಂಬಿಬಿಎಸ್ ಸೀಟಿಗೆ ಪಿಯುಸಿ ಅಂಕ ಬರೀ ಬಾಗಿಲು. ಭೌತ, ರಸಾಯನ, ಜೀವವಿಜ್ಞಾನದಲ್ಲಿ ಸಾಮಾನ್ಯ ವರ್ಗಕ್ಕೆ ಶೇ 50, ಮೀಸಲಾತಿ ಇರುವವರಿಗೆ ಶೇ 40 ಇದ್ದರೆ ಸಾಕು. ಆಮೇಲೆ ಎಲ್ಲವೂ ನೀಟ್‌ನ 720 ಅಂಕದ ಮೇಲೆ. 180 ಪ್ರಶ್ನೆ, ಸರಿಗೆ 4, ತಪ್ಪಿಗೆ 1 ಕಡಿತ.

ಇದರ ಪರಿಣಾಮ ಕಾಲೇಜುಗಳ ದಿನಚರಿಯಲ್ಲಿ ಕಾಣುತ್ತದೆ. ಅಂಕಕ್ಕೆ ಬೆಲೆಯಿಲ್ಲದ ಕಡೆ ಪ್ರಯೋಗಾಲಯಕ್ಕೂ ಬೆಲೆ ಹೋಗುತ್ತದೆ, ತರಗತಿ ಕೋಚಿಂಗ್ ಆಗುತ್ತದೆ. ಒಂದೇ ಪರೀಕ್ಷೆಯ ಮೇಲೆ ಎಲ್ಲ ಭಾರ ಹಾಕಿದರೆ ಆ ಪರೀಕ್ಷೆ ಕೆಟ್ಟ ದಿನ ಎಲ್ಲವೂ ಕೆಡುತ್ತದೆ ಎಂಬುದು 2024ರಲ್ಲಿ ಗೊತ್ತಾಯಿತು. ಮೊದಲ ಫಲಿತಾಂಶದಲ್ಲಿ 67 ಮಂದಿಗೆ 720ಕ್ಕೆ 720, ಕೃಪಾಂಕ ಪಡೆದ 1,563 ಮಂದಿಗೆ ಮರುಪರೀಕ್ಷೆಯ ಅವಕಾಶ, ಸೋರಿಕೆಯ ತನಿಖೆ. ಭೌತವಿಜ್ಞಾನದ ಒಂದು ಪ್ರಶ್ನೆಯ ಉತ್ತರ ಸರಿಪಡಿಸಿದ ಮೇಲೆ ಅಗ್ರಸ್ಥಾನದವರ ಸಂಖ್ಯೆ 17ಕ್ಕೆ ಇಳಿಯಿತು. ಅದೇ ಜುಲೈನಲ್ಲಿ ಕರ್ನಾಟಕ ವಿಧಾನಮಂಡಲ ನೀಟ್ ವಿರುದ್ಧ ನಿರ್ಣಯ ಅಂಗೀಕರಿಸಿತು.

ಪರೀಕ್ಷೆ ಬೇಕು ಎನ್ನುವವರು, ಬೇಡ ಎನ್ನುವವರು

ಪ್ರವೇಶ ಪರೀಕ್ಷೆಯ ಪರ ಇರುವವರ ವಾದಕ್ಕೆ ತೂಕವಿದೆ. ಬೇರೆ ಬೇರೆ ಬೋರ್ಡ್‌ಗಳ ಅಂಕ ಒಂದೇ ಅಳತೆಯದ್ದಲ್ಲ. ಒಂದೇ ಬೋರ್ಡ್‌ನಲ್ಲೂ ವರ್ಷದಿಂದ ವರ್ಷಕ್ಕೆ ಅಳತೆ ಬದಲಾಗುತ್ತದೆ. ರಾಜ್ಯದ ದ್ವಿತೀಯ ಪಿಯು ಫಲಿತಾಂಶ 2024ರಲ್ಲಿ ಶೇ 81.15 ಇದ್ದದ್ದು, ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಿಗಿಯಾದ 2025ರಲ್ಲಿ ಶೇ 73.45ಕ್ಕೆ ಇಳಿಯಿತು. ಇಳಿಕೆಗೆ ಅದೊಂದೇ ಕಾರಣವೆನ್ನಲಾಗದು. ಆದರೆ 2024ರ ಅಂಕ ಹಿಡಿದು 2025ರ ಹೊಸಬರ ಜೊತೆ ಸ್ಪರ್ಧಿಸಿದ ರಿಪೀಟರ್‌ಗೆ ಸಿಕ್ಕ ಅನುಕೂಲವನ್ನು ಯಾವ ಸೂತ್ರವೂ ಕಳೆಯಲಿಲ್ಲ. 2022ರ ಜಗಳವೇ ಸಣ್ಣ ಗಾತ್ರದಲ್ಲಿ ಮತ್ತೆ ಬಂದಂತೆ. ಸಿಇಟಿಯಲ್ಲಾದರೋ ಎಲ್ಲರಿಗೂ ಒಂದೇ ದಿನ, ಒಂದೇ ಪತ್ರಿಕೆ, ಒಎಂಆರ್ ಹಾಳೆಗೆ ಯಾವ ಊರಿನವರು ಎಂಬುದು ಗೊತ್ತಾಗುವುದಿಲ್ಲ.

ವಿರೋಧಿಗಳ ವಾದ: ಪತ್ರಿಕೆ ಒಂದೇ ಇರಬಹುದು, ತಯಾರಿ ಒಂದೇ ಅಲ್ಲ. ಪಿಯು ಪಾಠದ ಜೊತೆಗೇ ಕೋಚಿಂಗ್ ಕೊಡುವ, ಲಕ್ಷಗಟ್ಟಲೆ ಶುಲ್ಕದ ಇಂಟಿಗ್ರೇಟೆಡ್ ಕಾಲೇಜಿನಲ್ಲಿ ಎರಡು ವರ್ಷ ವಾರಕ್ಕೊಂದು ಅಣಕು ಪರೀಕ್ಷೆ ಬರೆದವರೂ, ಅತಿಥಿ ಉಪನ್ಯಾಸಕರು ಬಂದಮೇಲೆ ಪಾಠ ಶುರುವಾಗುವ ಸರ್ಕಾರಿ ಕಾಲೇಜಿನವರೂ 70 ಸೆಕೆಂಡಿನ ಓಟದಲ್ಲಿ ಸಮರಲ್ಲ. ಬೋರ್ಡ್ ಪರೀಕ್ಷೆ ಪಠ್ಯಪುಸ್ತಕಕ್ಕೆ ಕಟ್ಟುಬಿದ್ದದ್ದು. ಪಠ್ಯ ಓದಿದವರಿಗೆ ಅಲ್ಲಿ ನಿಲ್ಲುವ ಜಾಗವಿದೆ.

ನೆರೆಯವರು ಬೇರೆ ಬೇರೆ ದಾರಿ ಹಿಡಿದಿದ್ದಾರೆ. ತಮಿಳುನಾಡು ಸುಮಾರು ಎರಡು ದಶಕಗಳಿಂದ ಎಂಜಿನಿಯರಿಂಗ್‌ಗೆ ಪ್ರವೇಶ ಪರೀಕ್ಷೆಯನ್ನೇ ಬಿಟ್ಟು ಹನ್ನೆರಡನೇ ತರಗತಿ ಅಂಕ ನೋಡುತ್ತದೆ. ತೆಲಂಗಾಣ 2023ರಲ್ಲಿ ಇಂಟರ್‌ಮೀಡಿಯೆಟ್‌ಗಿದ್ದ ಶೇ 25 ಪಾಲನ್ನೂ ತೆಗೆದುಹಾಕಿತು. ಕೇರಳ ನಮ್ಮಂತೆಯೇ 50:50, ಆದರೆ ಬೋರ್ಡ್ ಅಂಕಗಳನ್ನು ಮೊದಲು ಒಂದು ಅಳತೆಗೆ ತರುತ್ತದೆ. 2025ರಲ್ಲಿ ಅಲ್ಲಿ ಪರೀಕ್ಷೆ ಮುಗಿದ ಮೇಲೆ ಆ ಸೂತ್ರ ಬದಲಿಸಿದರು. ಹೈಕೋರ್ಟ್ ಜುಲೈನಲ್ಲಿ ಅದನ್ನು ರದ್ದು ಮಾಡಿತು, ಹಳೆಯ ಸೂತ್ರದಲ್ಲಿ ಪಟ್ಟಿ ಮತ್ತೆ ಪ್ರಕಟವಾಯಿತು, ಮೊದಲ ರ್‍ಯಾಂಕ್ ಕೂಡ ಬದಲಾಯಿತು.

ಪರೀಕ್ಷೆ ತೆಗೆದರೆ ಬಡವರಿಗೆ ಒಳಿತು ಎಂಬುದೂ ಅಷ್ಟು ನೇರವಲ್ಲ. ಅಮೆರಿಕದಲ್ಲಿ 2020ರ ನಂತರ ಅನೇಕ ವಿಶ್ವವಿದ್ಯಾಲಯಗಳು ಸ್ಯಾಟ್ ಎಂಬ ಪ್ರವೇಶ ಪರೀಕ್ಷೆಯ ಅಂಕ ಕೊಡುವುದನ್ನು ಐಚ್ಛಿಕ ಮಾಡಿದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಪೂರ್ತಿ ಬಿಟ್ಟಿತು. ಎಂಐಟಿ 2022ರಲ್ಲಿ, ಡಾರ್ಟ್‌ಮತ್ ಮತ್ತು ಹಾರ್ವರ್ಡ್ 2024ರಲ್ಲಿ ಅದನ್ನು ಮರಳಿ ಕಡ್ಡಾಯ ಮಾಡಿದವು. ಡಾರ್ಟ್‌ಮತ್ ತನ್ನದೇ ದಾಖಲೆ ಪರಿಶೀಲಿಸಿದಾಗ ಕಂಡದ್ದು: ಸೌಲಭ್ಯ ಕಡಿಮೆಯಿರುವ ಶಾಲೆಗಳ ಮಕ್ಕಳು ‘ನನ್ನ ಅಂಕ ಕಡಿಮೆ’ ಎಂದು ಸ್ಯಾಟ್ ಅಂಕವನ್ನು ಮುಚ್ಚಿಟ್ಟಿದ್ದರು. ಅವರ ಹಿನ್ನೆಲೆಯಲ್ಲಿ ಇಟ್ಟು ನೋಡಿದ್ದರೆ ಅದೇ ಅಂಕ ಅವರಿಗೆ ಸೀಟು ಕೊಡಿಸಬಹುದಿತ್ತು. ಅಲ್ಲಿ ಅಂಕವನ್ನು ಶಾಲೆಯ ಪರಿಸ್ಥಿತಿಯ ಜೊತೆ ಇಟ್ಟು ಓದುವ ಅಧಿಕಾರಿಗಳಿದ್ದಾರೆ. ನಮ್ಮಲ್ಲಿ ಆ ಕೆಲಸವನ್ನು ಮೀಸಲಾತಿ ಮತ್ತು ಕೋಟಾಗಳು ಮಾಡಬೇಕು.

ಗ್ರಾಮೀಣ ಕೋಟಾದ ಗಡಿ ಎಲ್ಲಿದೆ?

ಪ್ರತಿ ಪ್ರವರ್ಗದೊಳಗೆ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಸೀಟು ಇದೆ. ಅಂತರ ತುಂಬುವ ನಿಜವಾದ ಸಾಧನ ಇದು. ಆದರೆ ಇದರ ಗಡಿ ಮಲೆನಾಡಿಗೆ ಹೊಂದುವುದಿಲ್ಲ. ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಮನೆ ಎಲ್ಲಿದೆ ಎಂಬುದನ್ನು ನೋಡುವುದಿಲ್ಲ, ಶಾಲೆ ಎಲ್ಲಿತ್ತು ಎಂಬುದನ್ನು ನೋಡುತ್ತಾರೆ. ಪಟ್ಟಣ ಪಂಚಾಯಿತಿ ವ್ಯಾಪ್ತಿಯ ಶಾಲೆ ಗ್ರಾಮೀಣವಲ್ಲ. ಹಾಗಾಗಿ ಆಲೂರು, ಅರಕಲಗೂಡು, ಮೂಡಿಗೆರೆ, ಕೊಪ್ಪ, ಶೃಂಗೇರಿಯಂತಹ ಸಣ್ಣ ಪೇಟೆಯ ಪ್ರೌಢಶಾಲೆಗೆ ಸುತ್ತಲ ಹಳ್ಳಿಯಿಂದ ಬಸ್ಸಿನಲ್ಲಿ ಬಂದು ಓದಿದ ಮಗು, ಹತ್ತು ವರ್ಷದಲ್ಲಿ ಮೂರು ವರ್ಷ ಮಾತ್ರ ಅಲ್ಲಿದ್ದರೂ, ಕೋಟಾದಿಂದ ಹೊರಗೆ. ಸಿಇಟಿ ಲೆಕ್ಕದಲ್ಲಿ ಅದೂ ಬೆಂಗಳೂರಿನ ಮಗುವೂ ಒಂದೇ ಸಾಲಿನಲ್ಲಿ.

ಮಲೆನಾಡಿನಲ್ಲಿ ಮನೆಗಳು ಚದುರಿವೆ, ಹತ್ತಿರದ ಪ್ರೌಢಶಾಲೆ ಎಷ್ಟೋ ಕಡೆ ಪೇಟೆಯಲ್ಲೇ ಇದೆ. ಸರ್ಕಾರಿ ಶಾಲೆಯಲ್ಲಿ ಮಕ್ಕಳ ಸಂಖ್ಯೆ ಇಳಿದು ಮುಚ್ಚಿದಾಗ ಪೋಷಕರಿಗೆ ಆಯ್ಕೆಯೇ ಇರುವುದಿಲ್ಲ. ಪೂರ್ತಿ ಹತ್ತು ವರ್ಷದ ಷರತ್ತಿನ ಬದಲು ಓದಿದ ವರ್ಷಗಳಿಗೆ ತಕ್ಕಂತೆ ಅನುಕೂಲ ಕೊಡುವ ಮೆಟ್ಟಿಲು ಪದ್ಧತಿ ಬಂದರೆ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಮಕ್ಕಳಿಗೆ ನೇರ ಲಾಭ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಇನ್ನೊಂದು ತೊಡಕು. ಹತ್ತರವರೆಗೆ ಕನ್ನಡ, ಪಿಯು ವಿಜ್ಞಾನ ಇಂಗ್ಲಿಷ್. ನೀಟ್ ಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ, ಆದರೆ ಎರಡು ವರ್ಷ ಇಂಗ್ಲಿಷ್ ಪುಸ್ತಕದಲ್ಲಿ ಓದಿದ ಪದಗಳು ಅಲ್ಲಿ ಅಪರಿಚಿತವಾಗಿ ಕಾಣುತ್ತವೆ. ಅನುವಾದದಲ್ಲಿ ಗೊಂದಲವಿದ್ದರೆ ಇಂಗ್ಲಿಷ್ ಪ್ರಶ್ನೆಯೇ ಅಂತಿಮ.

ಏನು ಬದಲಿಸಬಹುದು, ಬದಲಿಸಿದರೆ ಏನಾಗುತ್ತದೆ?

ಅತಿ ಸುಲಭದ ಸುಧಾರಣೆ: ರ್‍ಯಾಂಕ್‌ಗೆ ಲಿಖಿತ ಪರೀಕ್ಷೆಯ ಅಂಕ ಮಾತ್ರ ತೆಗೆದುಕೊಳ್ಳುವುದು. 70, 70, 80, ಒಟ್ಟು 220. ನಮ್ಮ ಇಬ್ಬರಿಗೂ ಆಂತರಿಕ 80 ಪೂರ್ತಿ ಸಿಕ್ಕಿದೆ ಎಂದುಕೊಂಡರೆ ಹುಡುಗಿಯ ಲಿಖಿತ ಅಂಕ 205, ಹುಡುಗನದು 166. ಲೆಕ್ಕ ಹಾಕಿ: ಅವಳಿಗೆ 46.59 ಮತ್ತು 20, ಒಟ್ಟು 66.59. ಅವನಿಗೆ 37.73 ಮತ್ತು 29.17, ಒಟ್ಟು 66.90. 2.67ರ ಅಂತರ 0.31ಕ್ಕೆ ಇಳಿಯಿತು. ಯಾರ ಉತ್ತರಪತ್ರಿಕೆಯೂ ಬದಲಾಗಲಿಲ್ಲ. 50:50 ಎಂಬ ನಿಯಮ ತನ್ನ ಮಾತಿಗೆ ಹತ್ತಿರ ಬಂತು, ಮಾರ್ಕ್ಸ್ ಕಾರ್ಡ್‌ನಲ್ಲಿ ಎರಡೂ ಬೇರೆ ಬೇರೆಯಾಗಿ ಇರುವುದರಿಂದ ಹೊಸ ವ್ಯವಸ್ಥೆಯೂ ಬೇಡ. ಅಡ್ಡಪರಿಣಾಮ ಒಂದಿದೆ: ಪ್ರಾಯೋಗಿಕ ತರಗತಿಯನ್ನು ಕಾಲೇಜುಗಳು ಇನ್ನಷ್ಟು ಕಡೆಗಣಿಸಬಹುದು. ಪ್ರಯೋಗಾಲಯದ ಕನಿಷ್ಠ ಅಂಕವನ್ನು ಅರ್ಹತೆಗೆ ಕಡ್ಡಾಯ ಮಾಡಿ ಅದನ್ನು ತಡೆಯಬೇಕು.

ಇನ್ನೊಂದು ದಾರಿ, ಎರಡೂ ಪರೀಕ್ಷೆಯ ಅಂಕವನ್ನು ಪರ್ಸೆಂಟೈಲ್‌ಗೆ (ಬರೆದ ನೂರು ಮಂದಿಯಲ್ಲಿ ಎಷ್ಟು ಜನರಿಗಿಂತ ಮುಂದಿದ್ದಾರೆ ಎಂಬ ಲೆಕ್ಕಕ್ಕೆ) ತಂದು ಕೂಡಿಸುವುದು. ಆಗ ಎರಡೂ ನಿಜಕ್ಕೂ ಸಮ ತೂಗುತ್ತವೆ, ರಿಪೀಟರ್‌ನ ಅಂಕವನ್ನು ಅವರದೇ ವರ್ಷದವರ ಜೊತೆ ಹೋಲಿಸಬಹುದು. ಆದರೆ ಅಂಕ ಗುಂಪುಗೂಡಿರುವ ಕಡೆ ಒಂದೇ ಅಂಕದ ವ್ಯತ್ಯಾಸ ಪರ್ಸೆಂಟೈಲ್‌ನಲ್ಲಿ ದೊಡ್ಡದಾಗುತ್ತದೆ, ಕೊಠಡಿಯ ಅಕ್ರಮಕ್ಕೂ ಉದಾರ ಮೌಲ್ಯಮಾಪನಕ್ಕೂ ಹೆಚ್ಚು ಬಲ ಬರುತ್ತದೆ. ಪಿಯು ಪರೀಕ್ಷೆಯ ಬಿಗಿ ಕೆಲವು ವರ್ಷ ಹೀಗೇ ಉಳಿದರೆ ಮಾತ್ರ ಇದು ಯೋಗ್ಯ.

ಮೂರನೆಯ ಮಾದರಿ ನಮ್ಮಲ್ಲೇ ಇದೆ. ಹಾಸನದ ಕಾರೇಕೆರೆ ಕೃಷಿ ಕಾಲೇಜು, ಹಾಸನದ ಪಶುವೈದ್ಯಕೀಯ ಕಾಲೇಜು, ಮೂಡಿಗೆರೆಯ ತೋಟಗಾರಿಕೆ ಕಾಲೇಜುಗಳಿರುವ ಈ ಕ್ಷೇತ್ರದಲ್ಲಿ ಕೃಷಿಕರ ಕೋಟಾಕ್ಕೆ ಬೀಜ, ಗೊಬ್ಬರ, ಉಪಕರಣ ಗುರುತಿಸುವ ಪ್ರಾಯೋಗಿಕ ಪರೀಕ್ಷೆ ನಡೆಯುತ್ತದೆ. ಬದುಕಿನಲ್ಲಿ ಕಲಿತದ್ದಕ್ಕೆ ರ್‍ಯಾಂಕ್‌ನಲ್ಲಿ ಜಾಗ ಕೊಟ್ಟಿರುವ ಅಪರೂಪದ ವ್ಯವಸ್ಥೆ ಇದು.

ಯಾವುದನ್ನು ಬದಲಿಸಿದರೂ ಪ್ರಥಮ ಪಿಯು ಸೇರುವ ಮೊದಲೇ, ಅಂದರೆ ಎರಡು ವರ್ಷ ಮುಂಚೆ ಘೋಷಿಸಬೇಕು. ಕೇರಳದಲ್ಲಿ ಆದದ್ದು ಇಲ್ಲಿ ಆಗಬಾರದು.

ಈಗಿರುವ ನಿಯಮದಲ್ಲೇ ಮಾಡಬೇಕಾದ್ದು

ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಕಡಿತವಿಲ್ಲ. ನಾಲ್ಕು ಆಯ್ಕೆಯಲ್ಲಿ ಕಣ್ಮುಚ್ಚಿ ಗುರುತಿಸಿದರೂ 60ಕ್ಕೆ ಸರಾಸರಿ 15 ಬರುತ್ತದೆ. ಹತ್ತು ಪ್ರಶ್ನೆ ಖಾಲಿ ಬಿಟ್ಟವರು ಸರಾಸರಿ ಎರಡೂವರೆ ಅಂಕ, ಅಂದರೆ ಪಿಯುಸಿಯ ನಾಲ್ಕು ಅಂಕಕ್ಕೂ ಹೆಚ್ಚು ಬಿಟ್ಟುಕೊಟ್ಟಂತೆ. ಕೊನೆಯ ಐದು ನಿಮಿಷ ಖಾಲಿ ಉಳಿದದ್ದನ್ನು ತುಂಬಲು ಮೀಸಲಿಡಬೇಕು. ನೀಟ್‌ನಲ್ಲಿ ಇದೇ ಅಭ್ಯಾಸ ಅಪಾಯ, ಅಲ್ಲಿ ಎರಡು ಆಯ್ಕೆಯನ್ನಾದರೂ ತಳ್ಳಿಹಾಕಲಾದರೆ ಮಾತ್ರ ಊಹಿಸಬೇಕು.

ಪಿಯುಸಿ ಅಂಕ ಕಡಿಮೆ ಬಂದವರಿಗೆ ಎರಡನೇ ಪರೀಕ್ಷೆಯಿದೆ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು, ಹೆಚ್ಚಿನ ಅಂಕ ಉಳಿಯುತ್ತದೆ. ಮೂರು ವಿಷಯದಲ್ಲಿ ಒಟ್ಟು 18 ಅಂಕ ಹೆಚ್ಚಿಸಿಕೊಂಡರೆ ರ್‍ಯಾಂಕ್ ಲೆಕ್ಕದಲ್ಲಿ 3 ಅಂಕ. ಆದರೆ 285 ಇದ್ದವರು ಆ ವಾರಗಳನ್ನು ಇನ್ನೆರಡು ಅಂಕಕ್ಕೆ ಖರ್ಚು ಮಾಡುವುದು ಬೇಡ, ಅವರ ರ್‍ಯಾಂಕ್ ಇರುವುದು ಸಿಇಟಿಯಲ್ಲಿ. ಮನೆಯಲ್ಲೇ ಅಭ್ಯಾಸಕ್ಕೆ ಐಐಟಿ ಕಾನ್ಪುರ ನಡೆಸುವ ‘ಸಾಥಿ’ ಜಾಲತಾಣ ಉಚಿತ.

ವ್ಯಾಸಂಗ ಪ್ರಮಾಣಪತ್ರಕ್ಕೆ ಜನವರಿಯಲ್ಲೇ ಓಡಾಡಬೇಕು. ಒಂದರಿಂದ ಹತ್ತರವರೆಗೆ ಓದಿದ ಪ್ರತಿ ಶಾಲೆಯ ಪತ್ರಕ್ಕೂ ಬಿಇಒ ಮೇಲುರುಜು ಬೇಕು. ಮಗು ಎರಡು ತಾಲ್ಲೂಕಿನಲ್ಲಿ ಓದಿದ್ದರೆ ಎರಡು ಬಿಇಒ ಕಚೇರಿ. ಸಾಮಾನ್ಯ ವರ್ಗದವರು ಗ್ರಾಮೀಣ ಕೋಟಾ ಕೇಳಿದರೆ ಕೆನೆಪದರಕ್ಕೆ ಸೇರಿಲ್ಲ ಎಂಬ ಪತ್ರವನ್ನೂ ಕೊಡಬೇಕು, ಇದು ಕೈಯಲ್ಲಿಲ್ಲದೆ ಅರ್ಹರೇ ಕೋಟಾ ಕಳೆದುಕೊಳ್ಳುತ್ತಾರೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ ಬೋಧನಾ ಶುಲ್ಕ ವಿನಾಯಿತಿಯ ಎಸ್‌ಎನ್‌ಕ್ಯೂ ಸೀಟುಗಳನ್ನೂ ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜು-ಕೋರ್ಸ್‌ಗಳ ಪಟ್ಟಿ ಕೊಡುವಾಗ, ಸೇರಿಸಿ. ಆಯ್ಕೆಗಳ ಸಂಖ್ಯೆಗೆ ಮಿತಿಯಿಲ್ಲ, ನಿಜವಾಗಿ ಬೇಕಾದ ಕ್ರಮದಲ್ಲೇ ಇಡಿ. ಅಣಕು ಹಂಚಿಕೆಯಲ್ಲಿ ಸೀಟು ಕಾಣದಿದ್ದರೆ ಪಟ್ಟಿಯ ಕೆಳಗೆ ಇನ್ನಷ್ಟು ಕಾಲೇಜು ಸೇರಿಸಿ, ಮೇಲಿನ ಆಸೆಗಳನ್ನು ಅಳಿಸಬೇಡಿ.